ಕ್ಲಚ್ಚಿಲ್ಲದ ಗಾಡಿಯಲ್ಲಿ ಗೀತಕ್ಕ

ತಿಪಟೂರಿನ ಗೀತಕ್ಕ ಮನುಷ್ಯರ ಮುಖ ನೋಡಿ ಗುಣ ಹೇಳುವವಳಲ್ಲ. ಅವಳು ನೋಡುತ್ತಿದ್ದದ್ದು ಎಡಗಾಲು. ಊರಿನಲ್ಲಿ ‘ಗೀತಾ ಮೋಟಾರ್ ಡ್ರೈವಿಂಗ್ ಸ್ಕೂಲ್’ ಶುರುವಾದಾಗಿನಿಂದ ಅವಳ ಪಕ್ಕದಲ್ಲಿ ಕೂತು ಬೆವರದ ಗಂಡಸು ಆ ಸೀಮೆಯಲ್ಲಿ ಉಳಿದಿರಲಿಲ್ಲ. ಕ್ಲಚ್ಚನ್ನು ದಡಕ್ಕನೆ ಬಿಡುವವನು ಮನೆಯಲ್ಲಿ ತಟ್ಟೆ ಎಸೆಯುತ್ತಾನೆ ಎಂದು ಅವಳ ಲೆಕ್ಕ. ಬಿಡಲೂ ಹೆದರಿ, ಒತ್ತಲೂ ಹೆದರಿ ಅದರ ಮೇಲೇ ಕಾಲಿಟ್ಟುಕೊಂಡು ಕೂರುವವನು ತಾಯಿ ಒಂದು ಕಡೆ, ಹೆಂಡತಿ ಒಂದು ಕಡೆ ಎಳೆದಾಗ ನಡುವೆ ಕೂತು ಸುಟ್ಟ ವಾಸನೆ ಬರಿಸುತ್ತಾನೆ. ಏರಿನ ಮೇಲೆ ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ಅಲ್ಲಾಡದಂತೆ ಹಿಡಿಯುವವನು ಮಾತ್ರ ಸಂಸಾರಕ್ಕೆ ಲಾಯಕ್ಕು.

ಅವಳ ಹತ್ತಿರ ಕಲಿಯಲು ಬಂದ ಒಬ್ಬ ಸಬ್ ಇನ್ಸ್‌ಪೆಕ್ಟರು ಎರಡನೇ ರೌಂಡಿಗೆ ಅತ್ತುಬಿಟ್ಟು, ತನ್ನ ಟೋಪಿಯನ್ನು ಅವಳ ಕೈಗೆ ಕೊಟ್ಟು ನಡೆದುಕೊಂಡೇ ಠಾಣೆಗೆ ಹೋದನಂತೆ. ಇನ್ನೊಬ್ಬ ಬ್ರೇಕು ಎಂದು ಆಕ್ಸಿಲರೇಟರ್ ಒತ್ತಿ ನೇರ ಕಲ್ಯಾಣ ಮಂಟಪದೊಳಗೆ ನುಗ್ಗಿದಾಗ, ಹೆಣ್ಣಿನ ಕಡೆಯವರು ಗಂಡು ಬಂತೆಂದು ಆರತಿ ಎತ್ತಿಯೇಬಿಟ್ಟರು. ನಂಬದವರು ತಿಪಟೂರಿಗೆ ಹೋಗಿ ವಿಚಾರಿಸಬಹುದು. ಅಲ್ಲಿಯವರು ಇದಕ್ಕಿಂತ ಜಾಸ್ತಿಯೇ ಹೇಳುತ್ತಾರೆ.

ಇಂಥ ಗೀತಕ್ಕನ ಒಬ್ಬಳೇ ಮಗಳು ಸಿಂಧೂರ. ಸ್ವೀಡನ್ನಿನ ಫ್ಲೆಮಿಂಗ್ಸ್‌ಬೆರ್ಯ್ ಎಂಬ ಊರಿನ ಮೆಡಿಕಲ್ ಕ್ಯಾಂಪಸ್ಸಿನಲ್ಲಿ ಇಲಿಗಳ ಮಿದುಳು ಕೊಯ್ದು ಪಿಎಚ್‌ಡಿ ಮಾಡುತ್ತಿದ್ದಳು. ಅವಳು ತಾನೇ ಒಬ್ಬ ಹುಡುಗನನ್ನು ಒಪ್ಪಿ ಫೋನಿನಲ್ಲಿ ಹೇಳಿದಾಗ ಗೀತಕ್ಕ ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ.

“ಗಾಡಿ ಓಡಿಸ್ತಾನಾ?” ಎಂದಳು.

“ಓಡಿಸ್ತಾನಮ್ಮ, ತುಂಬಾ ಚೆನ್ನಾಗಿ.”

“ಚೆನ್ನಾಗಿ ಅನ್ನೋದನ್ನ ನಾನು ಹೇಳ್ಬೇಕು ಕಣೇ, ನೀನಲ್ಲ. ಬರ್ತೀನಿ ಇರು. ಪಕ್ಕದಲ್ಲಿ ಕೂತು ನೋಡ್ತೀನಿ. ಆಮೇಲೆ ಹೂಂ ಅಂತೀನೋ ಉಹೂಂ ಅಂತೀನೋ.”

ಹಾಗೆ ಸಂಕ್ರಾಂತಿಗೆ ಸರಿಯಾಗಿ ಅವಳು ಬಂದಿಳಿದಳು. ಹುಡುಗ ಮಧುಸೂದನ್ ಬೆಂಗಳೂರಿನವನು. ದಕ್ಷಿಣದ ಕೊನೆಯಲ್ಲಿರುವ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಕಂಪ್ಯೂಟರ್ ಕೆಲಸ. ಅವನ ಅಪ್ಪ ಅಮ್ಮ ಬೆಂಗಳೂರಿನಿಂದ ಬಂದು ಆಗಲೇ ಅವನ ಮನೆಯಲ್ಲಿ ಕೂತಿದ್ದರು. ಸಂಕ್ರಾಂತಿಯ ದಿನ ಮಧು ತಾಯಿ ಮಗಳನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವುದು, ಗೀತಕ್ಕ ಒಪ್ಪಿದರೆ ಅಲ್ಲೇ ತಾಂಬೂಲ, ಒಪ್ಪದಿದ್ದರೆ ಊಟ ಮಾಡಿ ವಾಪಸ್ಸು. ದಾರಿ ದೂರ, ಇಡೀ ಹಗಲಿನದು. ಅಷ್ಟು ದಾರಿಯಲ್ಲಿ ಒಬ್ಬನ ಎಡಗಾಲನ್ನು ಪುರಾಣದ ಹಾಗೆ ಓದಿಬಿಡಬಹುದು ಎಂದು ಗೀತಕ್ಕ ಸಂತೋಷದಲ್ಲೇ ಇದ್ದಳು. ಬೆಳಿಗ್ಗೆ ಮಗಳ ಮನೆಯ ಕೆಳಗೆ ಬಂದು ಗಾಡಿಯನ್ನು ನೋಡುವವರೆಗೆ.

ಆನೆ ಕೂತ ಹಾಗೆ ಒಂದು ಬಿಳಿ ಎಸ್‌ಯುವಿ ಹಿಮದಲ್ಲಿ ನಿಂತಿತ್ತು. ಹೊಗೆ ಕೊಳವೆ ಇಲ್ಲ. ಮುಂದೆ ಜಾಲರಿ ಇಲ್ಲ. ಬಾಗಿಲಿಗೆ ಹಿಡಿ ಕೂಡ ಇಲ್ಲ; ಹಿಡಿ ಇರಬೇಕಾದ ಜಾಗ ನುಣ್ಣಗಿತ್ತು.

“ಎಲೆಕ್ಟ್ರಿಕ್, ಆಂಟಿ,” ಎಂದ ಮಧು, ಮಗು ಹುಟ್ಟಿದ ಸುದ್ದಿ ಹೇಳುವವನ ಮುಖದಲ್ಲಿ. “ಹೋದ ತಿಂಗಳು ತಗೊಂಡಿದ್ದು. ಫೋರ್ ವೀಲ್ ಡ್ರೈವ್. ಮೊಳೆ ಇರೋ ವಿಂಟರ್ ಟೈರ್.”

“ಕ್ಲಚ್ಚು?”

“ಇಲ್ಲ ಆಂಟಿ.”

“ಗೇರು?”

“ಅದೂ ಇಲ್ಲ. ಈ ಕಡ್ಡಿ ಕೆಳಗೆ ಮಾಡಿದ್ರೆ ಮುಂದೆ, ಮೇಲೆ ಮಾಡಿದ್ರೆ ಹಿಂದೆ.”

ಗೀತಕ್ಕ ಮಗಳ ಕಡೆ ತಿರುಗಿದಳು. “ಮಿಕ್ಸೀನ ತಂದು ಕಾರು ಅಂತಿದಾನಲ್ಲೇ.”

ಆದರೂ ಹೊಸ ಗಾಡಿ, ಹಬ್ಬದ ದಿನ. ಪೂಜೆ ಮಾಡದೆ ಹತ್ತುವ ಮಾತೇ ಇಲ್ಲ ಎಂದು ಗೀತಕ್ಕ ಹಟ ಹಿಡಿದಳು. ಮೈನಸ್ ಹದಿನಾಲ್ಕು ಡಿಗ್ರಿಯ ಚಳಿಯಲ್ಲಿ, ಸೀರೆಯ ಮೇಲೆ ಮಗಳ ಕೋಟು ಹಾಕಿಕೊಂಡು, ಚೊಂಬು ಹಿಡಿದು ನಿಂತಳು. ರಾತ್ರಿ ಬಾಲ್ಕನಿಯಲ್ಲಿ ಇಟ್ಟಿದ್ದ ನಿಂಬೆಹಣ್ಣುಗಳು ಕಲ್ಲಾಗಿದ್ದವು, ಟೈರಿನಡಿ ತುರುಕಿದರೆ ಗೋಲಿಯ ಹಾಗೆ ಟಣ್ಣನೆ ಸಿಡಿದು ಹೋದವು. ಒಂದು ಹೋಗಿ ಪಕ್ಕದ ಮನೆಯವರ ಸೈಕಲ್ಲಿನ ಗಂಟೆಯನ್ನೇ ಬಾರಿಸಿತು. ಕಾಯಿ ಒಡೆದರೆ ಒಳಗೆ ನೀರಿರಲಿಲ್ಲ, ಬಿಳೀ ಚೆಂಡಿತ್ತು. ಗೀತಕ್ಕ ಹಿಂಜರಿಯಲಿಲ್ಲ. ಗಾಡಿಯ ಮೂತಿಯ ನಟ್ಟನಡುವೆ ಗಂಧ ಅರಿಸಿನ ಕುಂಕುಮ ಅಂಗೈ ಅಗಲ ಬಳಿದಳು. ಚೊಂಬಿನ ನೀರನ್ನು ನಾಲ್ಕೂ ಬಾಗಿಲಿಗೆ ಬೀಳುವ ಹಾಗೆ ಪ್ರದಕ್ಷಿಣೆಯಾಗಿ ಎರಚಿದಳು.

ನೀರು ಬಿದ್ದಲ್ಲೇ ಹೆಪ್ಪುಗಟ್ಟಿತು. ಮಧು ಫೋನು ಒತ್ತಿದ. ಒಳಗಿನಿಂದ ಹೊರಗೆ ಬರಬೇಕಾದ ಹಿಡಿಗಳು ಟಿಕ್ ಟಿಕ್ ಎಂದು ಒದ್ದಾಡಿ ಸುಮ್ಮನಾದವು.

“ಏನಾಯ್ತಪ್ಪಾ?”

“ಹ್ಯಾಂಡಲ್ ಫ್ರೀಜ್ ಆಗಿದೆ ಆಂಟಿ.”

“ಒಂದು ಚೊಂಬು ನೀರಿಗೆ ಬಾಗಿಲು ತೆಗೆಯಲ್ಲ ಅನ್ನೋ ಗಾಡಿ ನೋಡು. ನಮ್ಮ ಸ್ಕೂಲಿನ ಹಳೇ ಕಾರು ಕೆರೇಲಿ ಮುಳುಗಿತ್ತು. ಎತ್ತಿದ ಮೇಲೆ ಬಾಗಿಲು ತೆಗೆದ್ರೆ ಮೀನು ಇಳ್ಕೊಂಡು ಹೋದ್ವು, ನಾವು ಹತ್ಕೊಂಡು ಬಂದ್ವಿ.”

ಕೊನೆಗೆ ಹಿಂದಿನ ಡಿಕ್ಕಿ ಒಂದು ತೆರೆದುಕೊಂಡಿತು. ಮದುವೆಯ ಗಂಡು ಕಳ್ಳನ ಹಾಗೆ ಡಿಕ್ಕಿಯಿಂದ ನುಸುಳಿ, ಸೀಟುಗಳ ಮೇಲೆ ತೆವಳಿ, ಒಳಗಿನಿಂದ ಬಾಗಿಲನ್ನು ಒದ್ದು ತೆಗೆದ. ಗೀತಕ್ಕ ಅದನ್ನೆಲ್ಲ ಮನಸ್ಸಿನಲ್ಲಿ ಬರೆದುಕೊಂಡಳು.

ಮುಂದಿನ ಸೀಟಿನಲ್ಲಿ ಕೂತ ಮೇಲೆ ಇನ್ನೊಂದು ಅವಮಾನ. ಈ ದೇಶದಲ್ಲಿ ಡ್ರೈವರು ಎಡಕ್ಕೆ, ಪಕ್ಕದವರು ಬಲಕ್ಕೆ. ಜನ್ಮವಿಡೀ ಡ್ರೈವರು ಕೂರುವ ಜಾಗದಲ್ಲಿ ತನ್ನನ್ನು ಕೂರಿಸಿ ಎದುರಿನ ಸ್ಟೀರಿಂಗನ್ನು ಯಾರೋ ಕಿತ್ತುಕೊಂಡು ಹೋದ ಹಾಗೆ ಅವಳಿಗೆ ಅನಿಸಿತು. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಾದರೆ ಕಲಿಸುವವರ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಇಲ್ಲಿ ಕಾಲಿಗೆ ಸಿಕ್ಕಿದ್ದು ರಬ್ಬರ್ ಮ್ಯಾಟು.

“ಸರಿ, ಸ್ಟಾರ್ಟ್ ಮಾಡು.”

“ಸ್ಟಾರ್ಟ್ ಆಗಿದೆ ಆಂಟಿ.”

“ಎಲ್ಲಿ ಆಗಿದೆ? ಸದ್ದೇ ಇಲ್ಲ!”

“ಹೊರಟಿದೀವಿ ಅಮ್ಮ, ಕಿಟಕಿ ನೋಡು,” ಎಂದಳು ಹಿಂದಿನಿಂದ ಸಿಂಧೂರ.

ನಿಜ. ಮನೆಗಳು ಹಿಂದಕ್ಕೆ ಹೋಗುತ್ತಿದ್ದವು. ಗೀತಕ್ಕನಿಗೆ ಯಾರೋ ತನ್ನನ್ನು ಹೆಣದ ಹಾಗೆ ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತಿದ್ದಾರೆ ಎನಿಸಿತು. ಅಷ್ಟರಲ್ಲಿ ಎದುರಿನ ದೊಡ್ಡ ಪರದೆ ಪೀಂ ಪೀಂ ಎಂದು ಕೂಗಿ ಕೆಂಪು ಅಕ್ಷರ ತೋರಿಸಿತು.

“ಏನಂತೆ ಇದಕ್ಕೆ?”

ಮಧು ಗಂಟಲು ಸರಿಮಾಡಿಕೊಂಡ. “ಮುಂದಿನ ಸೆನ್ಸರ್‌ಗೆ ಏನೋ ಅಡ್ಡ ಬಂದಿದೆ ಅಂತಿದೆ ಆಂಟಿ. ಮುಂದಿನ ಗಾಡಿ ಎಷ್ಟು ದೂರ ಇದೆ ಅಂತ ಅದು ಮೂತಿಯಲ್ಲೇ ನೋಡೋದು. ಅಲ್ಲಿ... ಕುಂಕುಮ ಇದೆ.”

“ಕುಂಕುಮ ಇಟ್ರೆ ಕಣ್ಣು ಕಾಣಲ್ವಾ ಇದಕ್ಕೆ?”

“ಪರವಾಗಿಲ್ಲ ಆಂಟಿ, ನಾನೇ ನೋಡ್ಕೊಂಡು ಓಡಿಸ್ತೀನಿ.”

“ಇಳಿದು ಒರೆಸೋ,” ಎಂದಳು ಸಿಂಧೂರ.

“ಬೇಡ. ನಿಮ್ಮಮ್ಮ ಹಚ್ಚಿದ್ದು. ಇರ್ಲಿ ಬಿಡು,” ಎಂದು ಅವನು ಮೆಲ್ಲಗೆ ಹೇಳಿದ್ದು ಗೀತಕ್ಕನಿಗೆ ಕೇಳಿಸಿತು. ಹೆದರುಪುಕ್ಕಲ ಎಂದು ಬರೆದುಕೊಂಡಳು.

ಹೆದ್ದಾರಿಗೆ ಬಂದ ಮೇಲೆ ಹಿಮ ಶುರುವಾಯಿತು. ಇಲ್ಲಿಯ ಹಿಮ ಬೀಳುವುದಿಲ್ಲ, ಅಡ್ಡಡ್ಡ ಓಡುತ್ತದೆ, ಬಸ್ಸು ತಪ್ಪಿಸಿಕೊಂಡವರ ಹಾಗೆ. ಮಧು ಕಾಲು ಎತ್ತಿದಾಗಲೆಲ್ಲ ಗಾಡಿ ತಾನೇ ನಿಧಾನವಾಗುತ್ತಿತ್ತು. ಒಂದು ಇಳಿಜಾರಿನ ತಿರುವಿನಲ್ಲಿ ಹಾಗೆ ಕಾಲೆತ್ತಿದ್ದೇ ತಡ, ಹಿಂಭಾಗ ಎಮ್ಮೆಯ ಸೊಂಟದ ಹಾಗೆ ಒಮ್ಮೆ ತೂಗಿ ಸರಿಹೋಯಿತು. ಗೀತಕ್ಕ ಮ್ಯಾಟನ್ನು ತುಳಿದ ಜೋರಿಗೆ ಇನ್ನೊಂದು ಚೂರಾಗಿದ್ದರೆ ಕಾಲು ರಸ್ತೆಗೆ ಇಳಿಯುತ್ತಿತ್ತು.

“ಏನದು? ಬ್ರೇಕ್ ಹಾಕಿದ್ಯಾ?”

“ಇಲ್ಲ ಆಂಟಿ, ಕಾಲು ತೆಗೆದ್ರೆ ತಾನೇ ತಡೆಯತ್ತೆ. ಆ ಶಕ್ತಿ ವಾಪಸ್ ಬ್ಯಾಟರಿಗೆ ಹೋಗತ್ತೆ. ಐಸ್ ಮೇಲೆ ಸ್ವಲ್ಪ ಜಾಸ್ತಿ ಆಯ್ತು. ಕಮ್ಮಿ ಮಾಡ್ತೀನಿ.” ಪರದೆಯ ಮೇಲೆ ಎಲ್ಲೋ ಎರಡು ಸಲ ಕುಟ್ಟಿದ.

“ಬ್ರೇಕ್ ಹಾಕೋಕೂ ಕಾಲು ಬೇಡ, ಗೇರ್ ಹಾಕೋಕೂ ಕೈ ಬೇಡ. ನೀನು ಇಲ್ಲಿ ಯಾಕಪ್ಪ ಕೂತಿದೀಯ? ಜೊತೆಗಿರ್ಲಿ ಅಂತಾನಾ?”

ಸಿಂಧೂರ ಹಿಂದೆ ಕಿಸಕ್ಕನೆ ನಕ್ಕಳು. ಮಧು ನಕ್ಕ ಹಾಗೆ ಮಾಡಿದ. ಅವನ ಕಣ್ಣು ಮಾತ್ರ ಪದೇ ಪದೇ ಪರದೆಯ ಮೂಲೆಗೆ ಓಡುತ್ತಿತ್ತು. ಅಲ್ಲಿ ಬ್ಯಾಟರಿಯ ಪರ್ಸೆಂಟು. ಫ್ಲೆಮಿಂಗ್ಸ್‌ಬೆರ್ಯ್ ಬಿಡುವಾಗ ತುಂಬಿ ತುಳುಕುತ್ತಿದ್ದ ಅಂಕಿ, ಹರಿದ ಗೋಣಿಯಿಂದ ಅಕ್ಕಿ ಸುರಿದ ಹಾಗೆ ಸುರಿಯುತ್ತಿತ್ತು.

“ಒಂದ್ಸಲ ತುಂಬಿಸಿದ್ರೆ ಎಷ್ಟು ಓಡತ್ತೆ ಇದು?”

“ಐನೂರು ಕಿಲೋಮೀಟರ್ ಆಂಟಿ.”

“ಯಾವಾಗ?”

ಮಧು ಕನ್ನಡಿ ಸರಿಮಾಡಿದ. “ಬೇಸಿಗೇಲಿ.”

“ಚಳಿಗಾಲದಲ್ಲಿ?”

“ಸ್ವಲ್ಪ... ಕಮ್ಮಿ ಆಗತ್ತೆ. ಚಳಿಗೆ ಬ್ಯಾಟರಿ ಮಂಕಾಗತ್ತೆ.”

“ಓಹೋ. ಬೇಸಿಗೇಲಿ ಐನೂರು ಓಡೋದಾದ್ರೆ ಬೇಸಿಗೇಲೇ ಮದುವೆ ಮಾತಾಡೋಕೆ ಕರೀಬೇಕಿತ್ತಪ್ಪ.”

ಸ್ವಲ್ಪ ಹೊತ್ತಿಗೆ ಅವಳ ಮೂಗಿನ ತುದಿ ತಣ್ಣಗಾಗತೊಡಗಿತು. ಕೈಯಿಟ್ಟು ನೋಡಿದರೆ ಮುಂದಿನಿಂದ ಬರುತ್ತಿದ್ದ ಬಿಸಿಗಾಳಿ ನಿಂತುಹೋಗಿತ್ತು. ಮಧು ಕಳ್ಳನ ಹಾಗೆ ಹೀಟರ್ ಆರಿಸಿ, ಸೀಟಿನ ಬಿಸಿ ಮಾತ್ರ ಉಳಿಸಿದ್ದ. ಕೆಳಗೆ ಕಾವು, ಮೇಲೆ ಐಸು. ಗೀತಕ್ಕ ತಿರುವಿ ಹಾಕುವುದನ್ನು ಮರೆತ ದೋಸೆಯಾಗಿ ಕೂತಳು. ಈಗ ಬರೆದುಕೊಂಡ ಮಾತು ಎಲ್ಲಕ್ಕಿಂತ ದೊಡ್ಡದು: ಜಿಪುಣ. ಹೆದರುಪುಕ್ಕಲನನ್ನಾದರೂ ತಿದ್ದಬಹುದು. ಅತ್ತೆಯಾಗುವವಳ ಮೈಕಾವು ಉಳಿಸಿ ಗಾಡಿಗೆ ತಿನ್ನಿಸುವವನಿಗೆ ಮಗಳನ್ನು ಕೊಡುವುದುಂಟೇ? ಉಹೂಂ ಎನ್ನುವುದು ಅವಳ ನಾಲಗೆಯ ತುದಿಯವರೆಗೆ ಬಂದು ಕೂತಿತು. ಹೆಲ್ಸಿಂಗ್‌ಬೋರ್ಯ್ ಮುಟ್ಟಿ, ಅವನ ತಾಯಿಯ ಎದುರೇ ಹೇಳೋಣ ಎಂದು ತಡೆದುಕೊಂಡಳು.

ಒಂದೇ ಸಲ ನಿಲ್ಲಿಸಿ ಚಾರ್ಜು ಮಾಡಿದರೆ ಸಾಕು ಎಂದು ಹೊರಡುವಾಗ ಮಧು ಹೇಳಿದ್ದ. ನಿಂತದ್ದು ಎರಡು ಸಲವಾಯಿತು, ಇನ್ನೂ ಅರ್ಧ ದಾರಿಯಿತ್ತು. ತಣ್ಣಗಿದ್ದ ಬ್ಯಾಟರಿ ಕರೆಂಟನ್ನು ಚಮಚದಲ್ಲಿ ಕುಡಿಯುತ್ತಿತ್ತು. ಮೂವರೂ ಹೋಟೆಲಿನಲ್ಲಿ ಕೂತು ಫೀಕಾ ಮಾಡಿದರು. ಫೀಕಾ ಎಂದರೆ ಇಲ್ಲಿಯವರು ಕಾಫಿಯನ್ನೂ ಏಲಕ್ಕಿ ಬನ್ನನ್ನೂ ಎದುರಿಗಿಟ್ಟುಕೊಂಡು ಕೆಲಸ ಮರೆಯುವುದು. ಎರಡನೇ ಬನ್ನು ಮುಗಿದರೂ ಗಾಡಿಯ ಹೊಟ್ಟೆ ತುಂಬಿರಲಿಲ್ಲ.

“ಕರು ಹಾಕಿದ ಎಮ್ಮೇನೂ ಇಷ್ಟೊತ್ತು ನೀರು ಕುಡಿಯಲ್ಲ,” ಎಂದಳು ಗೀತಕ್ಕ.

ಯೋನ್‌ಶೋಪಿಂಗ್ ಎಂಬ ಊರು ದಾಟಿ ಏರು ಹತ್ತುವಾಗ ಮಧ್ಯಾಹ್ನ ಕಳೆಯುವ ಮೊದಲೇ ಕತ್ತಲೆ ಇಳಿಯುತ್ತಿತ್ತು. ಮುಂದೆ ಎಲ್ಲೋ ಎರಡು ಲಾರಿ ಜಾರಿ ರಸ್ತೆಗೆ ಅಡ್ಡ ಮಲಗಿದ್ದವು. ಗಾಡಿಗಳ ಸಾಲು ನಿಂತಿತು. ಹಿಂದೆಯೂ ಸಾಲು ಬೆಳೆಯಿತು. ಗಾಳಿ ಹೊಲದ ಹಿಮವನ್ನೆಲ್ಲ ಬಾಚಿ ತಂದು ಟೈರುಗಳ ಎತ್ತರಕ್ಕೆ ಸುರಿಯತೊಡಗಿತು. ಎಂಥ ಗಾಳಿ ಎಂದರೆ, ಬಾಗಿಲು ತೆಗೆದು ಉಗಿದವನ ಉಗುಳು ಹಿಂದಿನ ಊರಿನಲ್ಲಿ ಬೀಳುತ್ತಿತ್ತು.

ಅವರ ಮುಂದೆ ಒಂದು ಹಳೇ ಡೀಸೆಲ್ ಕಾರು ನಿಂತಿತ್ತು. ಮೈಯೆಲ್ಲ ತುಕ್ಕು, ಗುಡುಗುಡು ಸದ್ದು, ಹಿಂದಿನಿಂದ ಕಪ್ಪು ಹೊಗೆ. ಅದನ್ನು ಕಂಡು ಗೀತಕ್ಕನಿಗೆ ತವರಿನವರನ್ನು ಕಂಡಷ್ಟು ಸಂತೋಷವಾಯಿತು. ಅದರಿಂದ ಇಳಿದ ಬಿಳೀ ಗಡ್ಡದ ಮುದುಕ ಇವರ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮೂತಿಯ ಕುಂಕುಮವನ್ನು ನೋಡಿ, ಕಿಟಕಿ ಬಡಿದು, “ಎಲೆಕ್ಟ್ರಿಕ್! ಇನ್ ಸ್ನೋ!” ಎಂದು ಹೊಟ್ಟೆ ಹಿಡಿದು ನಕ್ಕ. ಹೆಸರು ರೋಲ್ಫ್ ಅಂತೆ.

ಗೀತಕ್ಕ ಕೋಟಿನ ಗುಂಡಿ ಹಾಕಿಕೊಂಡಳು.

“ಎಲ್ಲಿಗಮ್ಮ?”

“ಆ ಯಜಮಾನರ ಗಾಡಿಗೆ. ಅದಕ್ಕೆ ಇಂಜಿನ್ ಇದೆ, ಗೇರ್ ಇದೆ, ಬಿಸಿ ಗಾಳಿ ಇದೆ. ಇದು ಚಲಿಸೋ ತನಕ ಈ ಐಸ್ ಡಬ್ಬಕ್ಕೆ ನಾನು ಕಾಲಿಡಲ್ಲ. ದೇವರಾಣೆ.”

“ಆಂಟಿ, ಈಗ ಹೀಟರ್ ಹಾಕ್ತೀನಿ...”

“ಪರ್ಸೆಂಟ್ ಹೋಗತ್ತಪ್ಪ. ಅದನ್ನ ನೋಡ್ಕೋ ನೀನು.”

ರೋಲ್ಫನ ಕಾರಿನಲ್ಲಿ ಸ್ವರ್ಗವಿತ್ತು. ಮೂರು ಪೆಡಲು! ಗೀತಕ್ಕ ಕೂತಲ್ಲಿಂದಲೇ ಅವುಗಳಿಗೆ ನಮಸ್ಕಾರ ಹಾಕಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೆ ಫಸ್ಟ್ ಗೇರ್, ಸೆಕೆಂಡ್ ಗೇರ್, ಹ್ಯಾಂಡ್ ಬ್ರೇಕ್ ಎನ್ನುತ್ತಲೇ ಅರ್ಧ ಗಂಟೆ ಹರಟಿದರು. ಅವಳು ಕೈಚೀಲದಿಂದ ಎಳ್ಳು ಬೆಲ್ಲ ಕೊಟ್ಟಳು. ಅವನು ಜಗಿದು, ಕೊಬ್ಬರಿ ಚೂರನ್ನು ಹಲ್ಲಿನಿಂದ ಬಿಡಿಸಿಕೊಳ್ಳುತ್ತ, ಹಿಂದಿನ ಗಾಡಿಯ ಕಡೆ ಹೆಬ್ಬೆರಳು ತೋರಿಸಿ ಮತ್ತೆ ನಕ್ಕ. ಗೀತಕ್ಕನೂ ನಕ್ಕಳು.

ಆಮೇಲೆ ರೋಲ್ಫ್ ಇಳಿದು ಹಿಂದೆ ಹೋಗಿ ನೋಡಿದ. ಹೊಗೆ ಕೊಳವೆ ಹಿಮದೊಳಗೆ ಪೂರ್ತಿ ಹೂತಿತ್ತು. ಕೈಯಿಂದ ಅಗೆದ, ಗಾಳಿ ಮತ್ತೆ ತುಂಬಿತು. ಮತ್ತೆ ಅಗೆದ, ಮತ್ತೆ ತುಂಬಿತು. ಬಂದು ಇಂಜಿನ್ ಆರಿಸಿ, ಕತ್ತು ಹಿಡಿದುಕೊಂಡು ನಾಲಗೆ ಹೊರಹಾಕಿ, ಸತ್ತವನ ಹಾಗೆ ತೋರಿಸಿದ. ಹೊಗೆ ಒಳಗೆ ಬಂದರೆ ಇಬ್ಬರಿಗೂ ಅದೇ ಗತಿ ಎಂದು ಗೀತಕ್ಕನಿಗೆ ಅರ್ಥವಾಯಿತು.

ಇಂಜಿನ್ ಆರಿದ ಮೇಲೆ ಸ್ವರ್ಗ ಬಹಳ ಹೊತ್ತು ಉಳಿಯಲಿಲ್ಲ. ಗಾಜಿನ ಒಳಗೂ ಮಂಜು ಕಟ್ಟಿತು. ರೋಲ್ಫ್ ಒಂದಿಷ್ಟು ಹೊತ್ತು ಕೈ ಉಜ್ಜಿದ. ಹಿಂದಿನ ಗಾಡಿಯ ಕಡೆ ನೋಡಿದ. ಗಡ್ಡ ಕೆರೆದ. “ವಾರ್ಮ್ ದೇರ್,” ಎಂದ, ನಾಚಿಕೆಯಿಂದ. “ಕಮ್?”

“ನೋ,” ಎಂದಳು ಗೀತಕ್ಕ. ದೇವರಾಣೆ ಇಟ್ಟ ಮೇಲೆ ಹೇಗೆ ಹೋಗುವುದು?

ರೋಲ್ಫ್ ಎರಡು ಸಲ ಕರೆದ. ಆಮೇಲೆ ತನ್ನ ಕಂಬಳಿಯನ್ನು ಅವಳಿಗೆ ಹೊದಿಸಿ, ಗಾಳಿಗೆ ಅಡ್ಡ ಬಾಗಿ, ಸೀದಾ ವೈರಿಯ ಪಾಳೆಯಕ್ಕೆ ಹೋಗಿಬಿಟ್ಟ.

“ಗಡ್ಡ ನೋಡಿ ಮೋಸ ಹೋದೆ,” ಎಂದುಕೊಂಡಳು ಗೀತಕ್ಕ. ಬೇರೆಯವರ ಗಾಡಿಯಲ್ಲಿ, ಒಬ್ಬಳೇ, ಹಲ್ಲು ಕಟಕಟ ಎನ್ನುತ್ತ. ಆದರೂ ಕುತೂಹಲ ಬಿಡಬೇಕಲ್ಲ. ಹಿಂದಿನ ಗಾಜಿನ ಮಂಜನ್ನು ಉಗುರಿನಿಂದ ಕೆರೆದು ಒಂದು ತೂತು ಮಾಡಿ ಕಣ್ಣಿಟ್ಟಳು.

ಬಿಳಿ ಗಾಡಿಯ ಒಳಗೆ ದೀಪ ಉರಿಯುತ್ತಿತ್ತು. ಅದಕ್ಕೆ ಹೊಗೆಯಿಲ್ಲ, ಕೊಳವೆಯಿಲ್ಲ. ಹಿಮ ಎಷ್ಟು ಮುಚ್ಚಿದರೂ ಬಿಸಿಗಾಳಿ ಊದುತ್ತ ಕೂರಬಹುದಿತ್ತು. ಸಿಂಧೂರ ಮುಂದೆ ಕೂತಿದ್ದಳು. ಹಿಂದೆ ರೋಲ್ಫ್ ಟೋಪಿ ತೆಗೆದು ಮದುಮಗನ ಹಾಗೆ ವಿರಾಜಮಾನನಾಗಿದ್ದ. ಮಧು ಹೊರಗಿದ್ದ. ಸಾಲಿನ ಹಿಂದಿನಿಂದ ಒಬ್ಬ ತಾಯಿಯನ್ನೂ ಅವಳ ಎರಡು ಮಕ್ಕಳನ್ನೂ ಕೈಹಿಡಿದು ಕರೆತಂದು ಹತ್ತಿಸಿದ. ಆಮೇಲೆ ಒಬ್ಬ ಅಜ್ಜಿ. ಆಮೇಲೆ ಆ ಅಜ್ಜಿಯ ನಾಯಿ, ಕಡಸಿನಷ್ಟು ದೊಡ್ಡದು, ಮೈಯೆಲ್ಲ ಹಿಮ, ಡಿಕ್ಕಿಗೆ ಹತ್ತಿ ಮೈ ಒದರಿದ ಹೊಡೆತಕ್ಕೆ ಒಳಗೆಲ್ಲ ಮಳೆ ಬಂತು. ಹೊಸ ಸೀಟು. ಮಧು ಬಾಗಿಲು ಹಾಕಿ ನಕ್ಕ.

ಬಾಗಿಲು ಹಾಕಿದ ಮೇಲೆ ತಾನು ಕೂರಲು ಜಾಗವಿಲ್ಲ ಎಂದು ಅವನಿಗೆ ಹೊಳೆದ ಹಾಗಿತ್ತು. ಸುತ್ತ ನೋಡಿದ. ಜಾಕೆಟ್ಟಿನ ಕಾಲರ್ ಎತ್ತಿ ಗೀತಕ್ಕ ಇದ್ದ ಕಾರಿನ ಕಡೆ ನಡೆದು ಬಂದ. ಅವಳು ಕಣ್ಣನ್ನು ತೂತಿನಿಂದ ಕಿತ್ತು ನೆಟ್ಟಗೆ ಕೂತಳು.

“ಆಂಟಿ, ಅಲ್ಲಿ ಫುಲ್ ಆಗಿದೆ. ಇಲ್ಲಿ ಕೂತ್ಕೋಬಹುದಾ?”

ಕರೆದುಕೊಂಡು ಹೋಗಲು ಬಂದಿರುತ್ತಾನೆ, ಕಾಡಿಸಿ ಬೇಡಿಸಿ ಕೊನೆಗೆ ಹೋದರಾಯಿತು ಎಂದುಕೊಂಡಿದ್ದವಳು ಬೇರೆ ದಾರಿಯಿಲ್ಲದೆ ಡ್ರೈವರ್ ಸೀಟು ತೋರಿಸಿದಳು. ಅವನು ಕೂತ. ತುಟಿ ನೀಲಿಯಾಗಿತ್ತು.

“ಎಷ್ಟಿದೆ ನಿನ್ನ ಪರ್ಸೆಂಟು?” ಎಂದಳು, ಚುಚ್ಚಲೆಂದೇ.

“ಗೊತ್ತಿಲ್ಲ ಆಂಟಿ. ನೋಡಿದ್ರೆ ಹೊಟ್ಟೆ ಉರಿಯತ್ತೆ ಅಂತ ಸ್ಕ್ರೀನ್ ಮೇಲೆ ನೀವು ಸೀಟಲ್ಲಿ ಬಿಟ್ಟು ಬಂದ ಶಾಲು ಹಾಕಿದೀನಿ.”

“ಖಾಲಿಯಾದ್ರೆ?”

“ಖಾಲಿಯಾದ್ರೆ ನಿಲ್ಲತ್ತೆ. ಇವಾಗಲೂ ನಿಂತೇ ಇದೆಯಲ್ಲ. ಆ ಚಿಕ್ಕ ಮಗು ನಡುಗ್ತಾ ಇತ್ತು ಆಂಟಿ, ಅಳೋಕೂ ಆಗ್ತಿರ್ಲಿಲ್ಲ ಅದಕ್ಕೆ.”

“ಬೆಳಿಗ್ಗೆ ನಾನೂ ನಡುಗ್ತಾ ಇದ್ದೆ. ನನಗೆ ಮಾತ್ರ ಯಾಕಪ್ಪ ಹೀಟರ್ ಆರಿಸ್ದೆ? ನಾನು ಅಳಲಿಲ್ಲ ಅಂತಾನಾ?”

ಮಧು ಸ್ಟೀರಿಂಗ್ ಮೇಲೆ ಹಣೆಯಿಟ್ಟ. “ಒಂದೇ ಸ್ಟಾಪ್‌ನಲ್ಲಿ ನಿಮ್ಮನ್ನ ತಲುಪಿಸಿ ತೋರಿಸ್ಬೇಕು ಅಂತಿದ್ದೆ. ಎರಡು ಸಲ ನಿಲ್ಲಿಸಿದ್ರೆ ನೀವು ಗಾಡಿನ ಬೈತೀರ, ಗಾಡಿ ಜೊತೆ ನನ್ನೂ ಬೈದು ಬೇಡ ಅಂತೀರ ಅಂತ ಭಯ. ಸಿಂಧು ಹೇಳಿದ್ಲು, ನಮ್ಮಮ್ಮ ಗಾಡೀಲೇ ಡಿಸೈಡ್ ಮಾಡೋದು ಅಂತ.”

“ಗಾಡೀನ ಪಾಸ್ ಮಾಡ್ಸೋಕೆ ನನ್ನ ಐಸ್ ಮಾಡ್ದೆ.”

“ಹೂಂ ಆಂಟಿ.”

“ದಡ್ಡ.”

“ಹೂಂ ಆಂಟಿ.”

ಇಷ್ಟು ಬೇಗ ಒಪ್ಪಿಕೊಳ್ಳುವ ಗಂಡಸನ್ನು ಗೀತಕ್ಕ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವನ ಎಡಗಾಲು ಕ್ಲಚ್ಚಿನ ಪಕ್ಕದಲ್ಲಿ ಚಳಿಗೆ ತಕತಕ ಕುಣಿಯುತ್ತಿತ್ತು. ಅಭ್ಯಾಸ ಬಲದಿಂದ ನೋಡಿದಳು. ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ, ತೆಳ್ಳನೆಯ ಕಾಲುಚೀಲ ಒದ್ದೆಯಾಗಿತ್ತು ಅಷ್ಟೆ. ನೆನೆದ ಶೂವಿನಲ್ಲಿ ಎಷ್ಟು ಗಾಡಿಗಳ ಕಿಟಕಿ ಬಡಿದು ಬಂದಿದ್ದನೋ.

“ಕ್ಲಚ್ ಗೊತ್ತಾ ನಿನಗೆ?”

“ಇಲ್ಲ. ನನ್ನ ಲೈಸೆನ್ಸೇ ಆಟೋಮ್ಯಾಟಿಕ್‌ದು.”

“ಅಯ್ಯೋ ನನ್ನ ಕರ್ಮವೇ!” ಎಂದು ಹಣೆ ಬಡಿದುಕೊಂಡಳು. ಆಮೇಲೆ ಕಂಬಳಿಯ ಒಂದು ತುದಿಯನ್ನು ಅವನ ಕಾಲ ಮೇಲೆ ಎಸೆದಳು. “ಹೊದ್ಕೋ. ನಡುಗಿ ನಡುಗಿ ಆ ಯಜಮಾನರ ಪೆಡಲ್ ಮುರೀಬೇಡ.”

ಸ್ವಲ್ಪ ಹೊತ್ತಿನಲ್ಲಿ ಸಿಂಧೂರ ಬಂದು ಕಿಟಕಿ ಬಡಿದಳು. “ಅಮ್ಮ, ಅಜ್ಜಿ ಕೇಳ್ತಿದಾರೆ, ಆ ಗಾಡೀಲಿ ಯಾಕೆ ಇಬ್ಬರು ಸಾಯ್ತಿದಾರೆ ಅಂತ. ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡಿದೀವಿ. ಜಾಗ ಮಾಡಿದೀವಿ. ಬನ್ನಿ.”

“ದೇವರಾಣೆ ಇಟ್ಟಿದೀನಿ ಕಣೇ.”

“ಚಲಿಸೋ ತನಕ ಅಂದ್ಯಲ್ಲ? ಅಜ್ಜಿ ನಾಯಿ ಒಳಗೆ ಮೈ ಕೆರ್ಕೊಳ್ತಿದೆ. ಗಾಡಿ ಪೂರ್ತಿ ಅಲ್ಲಾಡ್ತಿದೆ.”

ಗೀತಕ್ಕ ಯೋಚಿಸಿದಳು. ನಾಯಿ ಅಲ್ಲಾಡಿಸಿದರೂ ಅಲ್ಲಾಡಿದ್ದು ಅಲ್ಲಾಡಿದ್ದೇ. ದೇವರಿಗೂ ಚಳಿಯ ವಿಷಯ ಗೊತ್ತಿರುತ್ತದೆ. ಮಧುವಿನ ತೋಳು ಹಿಡಿದು, ಹಿಮದಲ್ಲಿ ಸೀರೆ ಎತ್ತಿಕೊಂಡು, ಹೋಗಿ ಹತ್ತಿದಳು. ಒಳಗೆ ತಿಪಟೂರಿನ ಏಪ್ರಿಲ್ ತಿಂಗಳಿತ್ತು. ರೋಲ್ಫ್ ಅವಳ ಕಣ್ಣು ತಪ್ಪಿಸಿದ. ಚಿಕ್ಕ ಮಗು ಅವಳ ತೊಡೆಗೇ ಬಂತು, ಬಾಯಿಗೆ ಸಕ್ಕರೆ ಅಚ್ಚು ಇಟ್ಟಳು, ನಾಯಿ ಹಿಂದಿನಿಂದ ಅವಳ ತುರುಬನ್ನು ನೆಕ್ಕಿತು.

ಹಳದಿ ದೀಪ ತಿರುಗಿಸುತ್ತ ಹಿಮ ತಳ್ಳುವ ಗಾಡಿ ಬಂದು ದಾರಿ ತೆರೆದಾಗ ಎಲ್ಲರೂ ಇಳಿದು ಅವರವರ ಗಾಡಿಗೆ ಹೋದರು. ಅಜ್ಜಿ ಮಧುವಿನ ಎರಡೂ ಕೆನ್ನೆ ಹಿಡಿದು ಏನೋ ಹೇಳಿದಳು. ಸಿಂಧೂರ ಪರದೆಯ ಮೇಲಿನ ಶಾಲು ಎಳೆದಳು. ಅಷ್ಟು ಜನ, ಅಷ್ಟು ಹೊತ್ತು, ಅಷ್ಟು ಬಿಸಿ. ಆದರೂ ಅಂಕಿ ಅವರು ಹೆದರಿದಷ್ಟು ಇಳಿದಿರಲಿಲ್ಲ. ಮುಂದಿನ ಚಾರ್ಜಿಂಗ್ ಜಾಗದವರೆಗೆ ಸಾಕಾಗುವಷ್ಟಿತ್ತು.

“ನೋಡಿದ್ರಾ ಆಂಟಿ? ನಿಂತಾಗ ಹೀಟರ್‌ಗೆ ಅಷ್ಟೇನೂ ಬೇಕಾಗಲ್ಲ. ಓಡುವಾಗಲೇ ಜಾಸ್ತಿ—”

“ಓಡದೇ ಇದ್ದಾಗ ಚೆನ್ನಾಗಿ ಕೆಲಸ ಮಾಡೋ ಗಾಡಿ. ಭೇಷ್. ಅದಕ್ಕೆ ಚಕ್ರ ಯಾಕೆ, ಮನೇಲಿ ಒಲೆ ಪಕ್ಕ ಇಟ್ಕೋ.”

ಆಗ ಗಾಡಿಯೇ ಫೋನಿನ ಹಾಗೆ ಟ್ರಿಣ್ ಟ್ರಿಣ್ ಎಂದಿತು. ಮಧು ಗಾಬರಿಯಿಂದ ಒತ್ತಬಾರದ್ದನ್ನು ಒತ್ತಿದ. ನಾಲ್ಕೂ ಮೂಲೆಯ ಸ್ಪೀಕರಿನಿಂದ ಅವನ ತಾಯಿ ರಜನಿಯ ದನಿ ಗುಡುಗಿತು.

“ಮಧೂ! ಎಲ್ಲಿದೀರೋ? ಪೊಂಗಲ್ ಎಲ್ಲ ಆರಿಹೋಯ್ತು. ಆ ಡ್ರೈವಿಂಗ್ ಸ್ಕೂಲಮ್ಮ ಏನಂದ್ರೋ? ತುಂಬಾ ಜೋರಂತೆ? ಒಪ್ಪಿದ್ರಾ ಇಲ್ವಾ?”

ಮಧುವಿನ ಕಿವಿ ಕೆಂಪಾಯಿತು. ಸಿಂಧೂರ ಹಿಂದಿನ ಸೀಟಿನಿಂದ ತಾಯಿಯ ಭುಜವನ್ನು ಹಿಡಿದಳು, ಗಟ್ಟಿಯಾಗಿ.

“ಜೋರು ಹೌದು ಕಣಮ್ಮ,” ಎಂದಳು ಗೀತಕ್ಕ, ಪರದೆಗೆ ಬಾಯಿ ಹತ್ತಿರ ಮಾಡಿ. “ನಾನೇ ಮಾತಾಡ್ತಿರೋದು. ನಿಮ್ಮ ಗಾಡಿ ನನಗೆ ಒಂಚೂರೂ ಹಿಡಿಸ್ಲಿಲ್ಲ. ನೀರು ಹಾಕಿದ್ರೆ ಬಾಗಿಲು ತೆಗೆಯಲ್ಲ, ಕುಂಕುಮ ಇಟ್ರೆ ಕಣ್ಣು ಕಾಣಲ್ಲ, ಚಳಿ ಬಂದ್ರೆ ಅನ್ನ ಜಾಸ್ತಿ ತಿನ್ನತ್ತೆ. ಹುಡುಗನಿಗೆ ಕ್ಲಚ್ಚು ಅಂದ್ರೆ ಏನಂತ ಗೊತ್ತಿಲ್ಲ. ಕಾಲುಚೀಲ ಹಾಕ್ಕೊಳೋಕೂ ಬರಲ್ಲ.”

“ಅಯ್ಯೋ... ಹಾಗಂದ್ರೆ...” ರಜನಿಯ ದನಿ ಸಣ್ಣಗಾಯಿತು.

“ಹಾಗಂದ್ರೆ ಪೊಂಗಲ್ ಬಿಸಿ ಮಾಡಿಡಿ. ವೀಳ್ಯದೆಲೆ ಒಣಗೋಕೆ ಬಿಡಬೇಡಿ, ಒದ್ದೆ ಬಟ್ಟೇಲಿ ಸುತ್ತಿ. ಗಾಡಿ ಬೇಡ. ಹುಡುಗ ಇರ್ಲಿ.”

ಮಧು ಸಂತೋಷಕ್ಕೆ ಆಕ್ಸಿಲರೇಟರ್ ಒತ್ತಿಯೇಬಿಟ್ಟ. ನಾಲ್ಕು ಚಕ್ರವೂ ಹಿಮದಲ್ಲಿ ಗಿರ್ರನೆ ಒಮ್ಮೆ ತಿರುಗಿದವು, ಗಾಡಿ ಮೂತಿ ಎತ್ತಿ ರಸ್ತೆಗೆ ಹಾರಿತು.

“ಮೆಲ್ಲಗೆ ಕಣೋ, ದಡ್ಡ ಮುಂಡೇದೆ!” ಎಂದು ಗೀತಕ್ಕ ಎರಡೂ ಕಾಲಿನಿಂದ ಮ್ಯಾಟನ್ನು ತುಳಿದಳು. “ಮಗಳು ಹಿಂದೆ ಕೂತಿದಾಳೆ!”